ದೇವರು ಕಾಪಾಡುತ್ತಾನೆ ಎಂಬ ನಂಬಿಕೆ ಮತ್ತು ದಿನನಿತ್ಯದ ಅಪಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭಜನೆ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ ಬಂದವು, ಕೆಲವು ವಾಟ್ಸಾಪ್‌ನಲ್ಲಿ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಮಲೆನಾಡಿನವಳು, ಹಾಗಾಗಿ ಘಾಟಿ, ಮಳೆ, ಹಾವಿನ ಮಾತು ಜಾಸ್ತಿ ಬರುತ್ತದೆ. ಸುಲಭದ ಪ್ರಶ್ನೆಗಳು ಮೊದಲು, ಕಷ್ಟದವು ಆಮೇಲೆ.

## ಮೊದಲಿಗೆ

ದೇವರು ಕಾಪಾಡ್ತಾನೆ ಅಂತ ನಂಬೋದು ಅಂದ್ರೆ ನಮಗೆ ಏನೂ ಆಗಲ್ಲ ಅಂತ ನಂಬೋದಾ?

ಅಲ್ಲ. ಹಾಗೆ ನಂಬಿದರೆ ಮೊದಲ ಪೆಟ್ಟಿಗೇ ನಂಬಿಕೆ ಹೋಗಿಬಿಡುತ್ತದೆ.

ಪರೀಕ್ಷಿತನ ಕಥೆ ನೋಡಿ. ಅಶ್ವತ್ಥಾಮ ಬಿಟ್ಟ ಅಸ್ತ್ರ ಉತ್ತರೆಯ ಗರ್ಭಕ್ಕೇ ತಗುಲಿತು. ಕೃಷ್ಣ ಆ ಕೂಸನ್ನು ಉಳಿಸಿದ. ಅಷ್ಟು ದೊಡ್ಡ ರಕ್ಷೆ ಸಿಕ್ಕ ಮಗು ಬೆಳೆದು, ರಾಜನಾಗಿ, ಕೊನೆಗೆ ತಕ್ಷಕ ಕಚ್ಚಿ ತೀರಿಕೊಂಡ. ಹಾಗಾದರೆ ಕೃಷ್ಣ ಕಾಪಾಡಿದ್ದು ಸುಳ್ಳಾಯಿತಾ? ನನಗೆ ಹಾಗನ್ನಿಸುವುದಿಲ್ಲ. ಅವನು ಉಳಿದಿದ್ದರಿಂದ ಪಾಂಡವರ ವಂಶ ಉಳಿಯಿತು. ಸಾಯುವ ಮುಂಚಿನ ಏಳು ದಿನ ಗಂಗೆಯ ದಡದಲ್ಲಿ ಕೂತು ಶುಕಮುನಿಯಿಂದ ಹರಿಕಥೆ ಕೇಳಿದ. ಹಾವು ಬರುವ ಹೊತ್ತಿಗೆ ಅವನಿಗೆ ಹಾವಿನ ಭಯ ಇರಲಿಲ್ಲ.

ನಾನು ನಂಬುವುದು ಹೀಗೆ. ಅಪಾಯ ಇಲ್ಲದ ಲೋಕವನ್ನು ದೇವರು ಯಾರಿಗೂ ಕೊಟ್ಟಿಲ್ಲ. ಆದರೆ ಅಪಾಯದ ಹೊತ್ತಿನಲ್ಲಿ ಅವನು ಜೊತೆಗಿರುತ್ತಾನೆ. ಅವನ ರಕ್ಷೆ ಬಹಳ ಸಲ ಯಾರದೋ ಕೈಯ ಮೂಲಕ ಬರುತ್ತದೆ. ಸರಿಯಾದ ಹೊತ್ತಿಗೆ ಬ್ರೇಕ್ ಒತ್ತಿದ ಡ್ರೈವರ್, ರಾತ್ರಿ ಎರಡು ಗಂಟೆಗೆ ಎದ್ದು ಬಂದ ನರ್ಸ್, "ಹಳ್ಳ ತುಂಬಿದೆ, ದಾಟಬೇಡಿ" ಎಂದು ಆಚೆ ದಡದಿಂದ ಕೂಗಿದ ದನ ಕಾಯುವ ಹುಡುಗ. ನಾನು ದೇವರನ್ನು ಕಂಡದ್ದು ಹೆಚ್ಚಾಗಿ ಇಂಥವರಲ್ಲೇ.

ಎಲ್ಲಾ ದೇವರ ಮೇಲೆ ಬಿಟ್ಟಿದ್ದೀನಿ ಅಂತೀರಿ. ಮತ್ತೆ ಹೆಲ್ಮೆಟ್ ಯಾಕೆ?

ಕಾಲೇಜು ಹುಡುಗರು ಇದನ್ನು ಸ್ವಲ್ಪ ಕೆಣಕುವ ದನಿಯಲ್ಲಿ ಕೇಳುತ್ತಾರೆ. ಪ್ರಶ್ನೆ ಮಾತ್ರ ಒಳ್ಳೆಯದು.

ಕುರುಕ್ಷೇತ್ರದಲ್ಲಿ ಕೃಷ್ಣನೇ ಸಾರಥಿ. ಆದರೂ ಅರ್ಜುನ ಕವಚ ತೊಟ್ಟೇ ರಥ ಹತ್ತಿದ. ದೇವರು ಮುಂದೆ ಕೂತಿದ್ದಾನೆ, ಇನ್ನು ಕವಚ ಬೇಡ ಎಂದು ಅವನು ಹೇಳಲಿಲ್ಲ, ಕೃಷ್ಣನೂ ಹೇಳಲಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಬೈಕ್, ಸ್ಕೂಟರ್ ಮೇಲಿದ್ದವರದು. ಸರಿಯಾದ ಹೆಲ್ಮೆಟ್ಟನ್ನು ಸರಿಯಾಗಿ ಹಾಕಿದರೆ ಸಾಯುವ ಅಪಾಯ ಆರು ಪಟ್ಟಿಗಿಂತ ಹೆಚ್ಚು ಇಳಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೊಲೀಸರಿಗೆ ತೋರಿಸಲು ತಲೆಗೆ ಬಟ್ಟಲಿನ ಹಾಗೆ ಕವುಚಿಕೊಳ್ಳುವ ಅರ್ಧ ಹೆಲ್ಮೆಟ್ಟಿಗೆ ಈ ಮಾತು ಅನ್ವಯಿಸುವುದಿಲ್ಲ. ಐಎಸ್ಐ ಗುರುತು ಇರಬೇಕು, ಗಲ್ಲದ ಪಟ್ಟಿ ಬಿಗಿದಿರಬೇಕು. ಹಿಂದೆ ಕೂತ ಹೆಂಡತಿಗೂ ಮಗುವಿಗೂ ಬೇಕು. ತನ್ನ ತಲೆಗೆ ಹೆಲ್ಮೆಟ್ ಹಾಕಿ, ಮಗುವನ್ನು ಬರಿದಲೆಯಲ್ಲಿ ಮುಂದೆ ನಿಲ್ಲಿಸಿಕೊಂಡು ದೇವಸ್ಥಾನಕ್ಕೆ ಹೋಗುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಸಂಕಟ ಬಂದಾಗ ಮಾತ್ರ ವೆಂಕಟರಮಣ ಅನ್ನೋದು ತಪ್ಪಲ್ವಾ?

ಗಾದೆ ಅಣಕಿಸುತ್ತದೆ, ದೇವರು ಅಣಕಿಸುವುದಿಲ್ಲ. ಗಜೇಂದ್ರ ಸಾವಿರ ವರ್ಷ ಮೊಸಳೆಯೊಂದಿಗೆ ಸ್ವಂತ ಬಲದಲ್ಲೇ ಹೋರಾಡಿದ. ಬಲವೆಲ್ಲ ಮುಗಿದ ಮೇಲೆ ಕೂಗಿದ. ಹರಿ ಬಂದ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಲಿಲ್ಲ. ನೀವೂ ಕೂಗಿ.

ಮನೆಯಿಂದ ಹೊರಡುವಾಗ ಏನು ಹೇಳ್ಬೇಕು? ನನಗೆ ಮಂತ್ರ ಶ್ಲೋಕ ಒಂದೂ ಬರಲ್ಲ.

"ದೇವರೇ, ಜೊತೆಗಿರು" ಎಂದರೆ ಸಾಕು. ನಮ್ಮಮ್ಮ ಹೊಸಿಲ ಬಳಿ ನಿಂತು "ಹುಷಾರು ಮಗಾ, ದೇವರಿದ್ದಾನೆ" ಎನ್ನುತ್ತಿದ್ದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

## ರಸ್ತೆ, ತೋಟ, ಮಳೆ, ಕಡಲು

ಹೊಸ ಗಾಡಿಗೆ ಪೂಜೆ ಮಾಡಿಸಿದ್ದೀವಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೀವಿ. ಅಷ್ಟು ಸಾಕಾ?

ಪೂಜೆ ಮಾಡಿಸಿದ್ದು ಒಳ್ಳೆಯದಾಯಿತು. ಗಾಡಿಗೆ ಕುಂಕುಮ ಇಟ್ಟು ಕೈ ಮುಗಿದಾಗ ನಮಗೆ ಒಂದು ವಿಷಯ ನೆನಪಾಗಬೇಕು. ಇದು ಜೀವ ತೆಗೆಯಬಲ್ಲ ವಸ್ತು, ಅದಕ್ಕೇ ಇದಕ್ಕೆ ಆಯುಧಪೂಜೆಯಲ್ಲಿ ಜಾಗ. ಆಮೇಲೆ ಟೈರಿನ ಗಾಳಿ, ಬ್ರೇಕು, ಸೀಟ್ ಬೆಲ್ಟು ನೋಡಿಕೊಳ್ಳುವುದು ನಮ್ಮ ಪಾಲಿನದು. ಕನ್ನಡಿಗೆ ಕಟ್ಟಿದ ಹಾರ, ಗೊಂಬೆ, ದೇವರ ಪಟ ಮುಂದಿನ ರಸ್ತೆಯನ್ನೇ ಮುಚ್ಚದಂತಿರಲಿ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ದೃಷ್ಟಿ ತೆಗೆದ ಬೂದುಗುಂಬಳಕಾಯಿಯನ್ನು ನಡುರಸ್ತೆಯಲ್ಲಿ ಒಡೆದು ಹಾಗೇ ಬಿಟ್ಟುಬರಬೇಡಿ. ಕುಂಬಳದ ತಿರುಳು, ಕುಂಕುಮದ ನೀರು ಸೇರಿ ರಸ್ತೆ ಜಾರುತ್ತದೆ. ರಾತ್ರಿ ಬರುವ ಬೈಕ್ ಸವಾರನಿಗೆ ಅದು ಕಾಣುವುದೂ ಇಲ್ಲ. ಆಯುಧಪೂಜೆಯ ಹೊತ್ತಿಗೆ ಹೀಗೆ ಬಿದ್ದು ಗಾಯವಾಗುವುದು ಹೊಸದಲ್ಲ. ಬೆಂಗಳೂರಿನಲ್ಲಿ ರಸ್ತೆಯಲ್ಲಿ ಒಡೆಯಬೇಡಿ ಎಂದು ಪಾಲಿಕೆ, ಪೊಲೀಸರು ಕೇಳಿಕೊಳ್ಳುವುದುಂಟು. ನನ್ನ ಮನೆಯವರನ್ನು ಕಾಪಾಡು ಎಂದು ಬೇಡಿಕೊಂಡು ಇನ್ನೊಬ್ಬರ ಮನೆಯ ಮಗನನ್ನು ಬೀಳಿಸಿದರೆ ಆ ಪೂಜೆ ಯಾವ ದೇವರಿಗೆ ಮುಟ್ಟೀತು? ಒಂದು ಮೂಲೆಯಲ್ಲಿ ಒಡೆದು, ಚೂರು ಬಾಚಿ, ನೀರು ಹಾಕಿ ತೊಳೆದು ಬನ್ನಿ. ಆ ಬಾಚುವ ಕೆಲಸವನ್ನೂ ನಾನು ಪೂಜೆಯಲ್ಲೇ ಸೇರಿಸುತ್ತೇನೆ.

ಘಾಟಿಯಲ್ಲಿ ಗುಡಿ ಮುಂದೆ ಗಾಡಿ ನಿಲ್ಲಿಸದೆ ಬಂದ್ಬಿಟ್ವಿ. ಏನಾದ್ರೂ ಆಗುತ್ತಾ?

ಆಗುವುದಿಲ್ಲ, ನೆಮ್ಮದಿಯಾಗಿರಿ. ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿಗೆ, ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆಯ ಅಮ್ಮನಿಗೆ ಕೈ ಮುಗಿದು ಮುಂದೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಅದರಲ್ಲಿ ಭಕ್ತಿಯ ಜೊತೆ ವಿವೇಕವೂ ಇದೆ. ಡ್ರೈವರ್ ಎರಡು ನಿಮಿಷ ಇಳಿಯುತ್ತಾನೆ, ಮುಖ ತೊಳೆಯುತ್ತಾನೆ, ನಿದ್ದೆ ಹಾರಿಹೋಗುತ್ತದೆ, ಮುಂದೆ ತಿರುವುಗಳಿವೆ ಎಂದು ಮನಸ್ಸು ಎಚ್ಚರವಾಗುತ್ತದೆ. ನಿಲ್ಲಿಸಲು ಜಾಗ ಇಲ್ಲದಿದ್ದರೆ, ಹಿಂದೆ ಲಾರಿ ಇದ್ದರೆ, ಮಂಜು ಮುಸುಕಿದ್ದರೆ ಸ್ಟೇರಿಂಗ್ ಬಿಡದೆ ಮನಸ್ಸಿನಲ್ಲೇ ನಮಸ್ಕರಿಸಿ. ಓಡುವ ಗಾಡಿಯಿಂದ ಎರಡೂ ಕೈ ಎತ್ತಿ ಮುಗಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ರಾಹುಕಾಲದಲ್ಲಿ ಹೊರಟ್ರೆ ಅಪಘಾತ ಆಗುತ್ತಾ?

ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಸ್ವಲ್ಪ ತಡೆದು ಹೊರಡಿ. ಆದರೆ ರಾಹುಕಾಲ ತಪ್ಪಿಸಲು ನಿದ್ದೆಗೆಟ್ಟು ನಡುರಾತ್ರಿ ಗಾಡಿ ಓಡಿಸಬೇಡಿ. ಆಸ್ಪತ್ರೆಗೆ ಹೋಗುವಾಗಲಂತೂ ಯಾವ ಕಾಲವನ್ನೂ ನೋಡಬೇಡಿ.

ನಾಗರಪಂಚಮಿಗೆ ತಪ್ಪದೆ ಹಾಲೆರೀತೀವಿ. ಆದ್ರೂ ನಮ್ಮ ಯಜಮಾನರಿಗೆ ತೋಟದಲ್ಲಿ ಹಾವು ಕಚ್ಚಿತು. ನಾಗದೋಷವಾ?

ಮಲೆನಾಡು, ಕರಾವಳಿಯಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಭಯದ ಜೊತೆ ಅಪರಾಧಿ ಭಾವವೂ ಇರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹಾವು ಕಚ್ಚುವುದು ಹೆದರಿದಾಗ, ತುಳಿಸಿಕೊಂಡಾಗ. ಅಡಿಕೆ ಸೋಗೆ ಎತ್ತುವಾಗ, ಹುಲ್ಲು ಕೊಯ್ಯುವಾಗ ನಮ್ಮ ಕೈಕಾಲು ಅದರ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಹೊಲ ಗದ್ದೆಯಲ್ಲಿ ದುಡಿಯುವವರು. ಇಷ್ಟು ಜನ ರೈತರು, ಕೂಲಿಯವರೆಲ್ಲ ನಾಗನಿಗೆ ತಪ್ಪು ಮಾಡಿದ್ದರು ಎಂದು ನಾನು ನಂಬಲಾರೆ. ಶೃಂಗೇರಿಯ ತುಂಗೆಯ ದಡದಲ್ಲಿ ಕಪ್ಪೆ ಶಂಕರ ಇದೆ. ಪ್ರಸವದ ನೋವಿನಲ್ಲಿದ್ದ ಕಪ್ಪೆಗೆ ಬಿಸಿಲು ತಾಗದಂತೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಕಥೆ ಅಲ್ಲಿಯದು. ನಾನು ಹಾಲೆರೆಯುವುದು ಆ ಹೆಡೆಯನ್ನು ನೆನೆದು.

ಇನ್ನು ಕೆಲಸದ ಮಾತು. ನಮ್ಮಲ್ಲಿ ಜೀವ ತೆಗೆಯುವ ಹಾವುಗಳಲ್ಲಿ ಮುಖ್ಯವಾದವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್ ಕೆಲಸ ಮಾಡುತ್ತದೆ, ಅದು ಸಿಗುವುದು ಆಸ್ಪತ್ರೆಯಲ್ಲಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಆಮೇಲೆ ಊತ ಬಂದರೆ ಕಷ್ಟ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಇಟ್ಟು, ನಡೆಸದೆ, ಆಸ್ಪತ್ರೆಗೆ ಒಯ್ಯಿರಿ. 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕಿ ಕೊಲ್ಲುತ್ತಾ ಹೊತ್ತು ಕಳೆಯಬೇಡಿ. ನಾಟಿ ಔಷಧಿ, ಮಂತ್ರ ಎಂದು ತಡಮಾಡಬೇಡಿ. ಎಷ್ಟೋ ಜೀವ ಹೋಗಿರುವುದು ಆ ತಡದಲ್ಲೇ.

ಕಟ್ಟುಹಾವಿನ ವಿಷಯ ಬೇರೆಯಾಗಿ ತಿಳಿದಿರಲಿ. ಅದು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವೇ ಗೊತ್ತಾಗದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರಬೇಡಿ. ಮಂಚ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ರಾತ್ರಿ ಟಾರ್ಚು, ತೋಟಕ್ಕೆ ಗಮ್‌ಬೂಟು ಇವಿಷ್ಟು ಇದ್ದರೆ ಅಪಾಯ ಬಹಳ ಕಮ್ಮಿಯಾಗುತ್ತದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಬಂದಿದೆ. ಎಲ್ಲಿ ಎಷ್ಟು ಔಷಧಿ ಇಡಬೇಕೆಂದು ತಿಳಿಯಲು ಇದರಿಂದ ಅನುಕೂಲ.

ಯಜಮಾನರು ಹುಷಾರಾದ ಮೇಲೆ ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಬೇಕು ಅನ್ನಿಸಿದರೆ ಮಾಡಿಸಿ. ಉಳಿದದ್ದಕ್ಕೆ ಕೃತಜ್ಞತೆಯಿಂದ ಮಾಡಿಸಿ, ದೋಷದ ಭಯದಿಂದ ಬೇಡ.

ಗುಡುಗು ಸಿಡಿಲು ಬಂದಾಗ ಅರ್ಜುನ ಫಲ್ಗುಣ ಅಂತೀವಲ್ಲ, ಅದರಿಂದ ಸಿಡಿಲು ಹೊಡೆಯಲ್ವಾ?

ಆ ಹೆಸರುಗಳನ್ನು ಅರ್ಜುನನೇ ಯಾರ ಕಿವಿಗೆ ಹಾಕಿದ ಗೊತ್ತಾ? ವಿರಾಟನ ಮಗ ಉತ್ತರಕುಮಾರನ ಕಿವಿಗೆ. ಕೌರವರ ಸೈನ್ಯ ನೋಡಿ ಅವನು ರಥದಿಂದ ಹಾರಿ ಓಡಿದ್ದ. ಬೃಹನ್ನಳೆ ಅವನನ್ನು ಹಿಡಿದು ತಂದು, ತಾನೇ ಅರ್ಜುನ ಎಂದು ಹೇಳಿ ತನ್ನ ಹತ್ತು ಹೆಸರು ತಿಳಿಸಿದ. ಹುಡುಗನ ನಡುಕ ನಿಂತಿತು. ಆಮೇಲೆ ಅವನು ಸುಮ್ಮನೆ ಕೂರಲಿಲ್ಲ, ಹಗ್ಗ ಹಿಡಿದು ಅರ್ಜುನನ ರಥ ನಡೆಸಿದ.

ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಆ ಹೆಸರು ಹೇಳುವುದನ್ನು ಬಿಡಬೇಡಿ. ಹೇಳುತ್ತಲೇ ಮನೆಯೊಳಗೆ ಬನ್ನಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಹೊಲದಲ್ಲಿರುವವರು ಮರದ ಬುಡಕ್ಕೆ ಓಡುತ್ತಾರೆ. ಅದೇ ಅತಿ ಅಪಾಯದ ಜಾಗ. ಗಟ್ಟಿ ಕಟ್ಟಡ ಅಥವಾ ಬಾಗಿಲು ಮುಚ್ಚಿದ ಕಾರು, ಬಸ್ಸು ಒಳ್ಳೆಯದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಹೊರಗೆ ಹೋಗಬೇಡಿ. ಸುತ್ತಮುತ್ತ ಸಿಡಿಲಿನ ಸಾಧ್ಯತೆ ಇದ್ದರೆ ಮುಂಚೆಯೇ ತಿಳಿಸುವ ದಾಮಿನಿ ಎಂಬ ಸರ್ಕಾರಿ ಆ್ಯಪ್ ಇದೆ. ಕುರಿ ಕಾಯುವವರಿಗೆ, ಹೊಲದವರಿಗೆ ಹಾಕಿಕೊಡಿ.

ಕಡಲಿಗೆ ಹೋಗೋರಿಗೆ ದಿನಾ ಅಪಾಯ. ಅವರ ಭಕ್ತಿ ಹೇಗಿರುತ್ತೆ?

ನನಗೆ ಅವರ ಭಕ್ತಿ ಬಹಳ ಇಷ್ಟ. ನೂಲಹುಣ್ಣಿಮೆಯಂದು ಸಮುದ್ರಕ್ಕೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಪೂಜೆ ಮಾಡುತ್ತಾರೆ. ಅಷ್ಟು ನಂಬಿದವರೇ ಮಳೆಗಾಲದಲ್ಲಿ ದೊಡ್ಡ ದೋಣಿಗಳನ್ನು ದಡಕ್ಕೆ ಕಟ್ಟಿ ಕಾಯುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡುವ ಕಾಲ ಅದು, ಕಡಲು ಕೆರಳಿರುವ ಕಾಲವೂ ಹೌದು. ಆ ಎರಡು ತಿಂಗಳು ದುಡಿಮೆ ಇಲ್ಲ, ಸಾಲ ಆಗುತ್ತದೆ. ಆದರೂ ಕಾಯುತ್ತಾರೆ. ಕಡಲಮ್ಮನನ್ನು ನಂಬುವುದೆಂದರೆ ಅವಳ ಸಿಟ್ಟನ್ನೂ ಗೌರವಿಸುವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೀರು ಬರ್ತಿದೆ, ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಬನ್ನಿ ಅಂತಾರೆ. ದೇವರಿರೋ ಮನೆ ಬಿಟ್ಟು ಹೇಗೆ ಹೋಗೋದು?

ದೇವರನ್ನು ಕರೆದುಕೊಂಡು ಹೋಗಿ. ಕೃಷ್ಣೆ ಏರಿದಾಗ ನರಸೋಬವಾಡಿಯಲ್ಲಿ ದತ್ತನ ಉತ್ಸವಮೂರ್ತಿಯನ್ನೇ ಮೇಲಿನ ಮಂದಿರಕ್ಕೆ ಒಯ್ಯುತ್ತಾರೆ. ದೇವರೇ ಜಾಗ ಬಿಟ್ಟು ಮೇಲೆ ಹೋಗುವಾಗ ನಾವು ಹೋಗುವುದರಲ್ಲಿ ತಪ್ಪೇನಿದೆ? ಒಂದು ಚೀಲದಲ್ಲಿ ದೇವರ ಪೆಟ್ಟಿಗೆ, ಮನೆ ಪತ್ರ, ಔಷಧಿ, ಆಧಾರ್ ಕಾರ್ಡು ಇಟ್ಟುಕೊಂಡು ಬೆಳಕಿರುವಾಗಲೇ ಹೊರಡಿ. ದನಗಳ ಹಗ್ಗ ಬಿಚ್ಚಿ.

ವಿಮೆ ಮಾಡಿಸೋದು ದೇವರ ಮೇಲೆ ನಂಬಿಕೆ ಇಲ್ಲ ಅಂದ ಹಾಗಲ್ವಾ?

ಎಲ್ಐಸಿಯ ಲಾಂಛನ ನೋಡಿದ್ದೀರಲ್ಲ, ದೀಪ ಆರದಂತೆ ಮರೆ ಹಿಡಿದ ಎರಡು ಕೈ. ಕೆಳಗೆ ಬರೆದಿರುವುದು ಗೀತೆಯ ಒಂಬತ್ತನೇ ಅಧ್ಯಾಯದ ಮಾತು: ಯೋಗಕ್ಷೇಮಂ ವಹಾಮ್ಯಹಂ. ನನ್ನನ್ನೇ ನೆನೆಯುವವರ ಯೋಗಕ್ಷೇಮ ನಾನು ಹೊರುತ್ತೇನೆ ಎಂದು ಕೃಷ್ಣ ಹೇಳಿದ್ದು. 1956ರಲ್ಲಿ ಶುರುವಾದ ಸಂಸ್ಥೆ ಈ ಮಾತನ್ನು ಹಣೆಯ ಮೇಲೆ ಬರೆದುಕೊಂಡಿತು. ಲಕ್ಷಾಂತರ ಜನ ಸ್ವಲ್ಪ ಸ್ವಲ್ಪ ಕೂಡಿಹಾಕಿ, ದುಡಿಯುವವರನ್ನು ಕಳೆದುಕೊಂಡ ಮನೆಗೆ ಅನ್ನ ಕೊಡುತ್ತಾರೆ. ಇದರಲ್ಲಿ ದೇವರಿಗೆ ಬೇಸರ ಆಗುವಂಥದ್ದೇನೂ ನನಗೆ ಕಾಣುವುದಿಲ್ಲ. ಪಾಲಿಸಿಯ ಕಾಗದ ಎಲ್ಲಿದೆ ಎಂದು ಹೆಂಡತಿಗೂ ಹೇಳಿಡಿ. ಎಷ್ಟೋ ಮನೆಗಳಲ್ಲಿ ಅದೇ ಗೊತ್ತಿರುವುದಿಲ್ಲ.

## ಮನಸ್ಸಿನ ಭಯ

ಮಗಳಿಗೆ ಬೆಂಗಳೂರಲ್ಲಿ ರಾತ್ರಿ ಪಾಳಿ. ಫೋನ್ ಎತ್ತದಿದ್ರೆ ನನ್ನ ಜೀವವೇ ಹೋದ ಹಾಗಾಗುತ್ತೆ. ನಂಬಿಕೆ ಇದ್ರೆ ಹೀಗಾಗಬಾರದು ಅಲ್ವಾ?

ತಾಯಿಗೆ ಹಾಗಾಗುತ್ತದೆ ತಂಗೀ. ಬಾಯೊಳಗೇ ವಿಶ್ವ ತೋರಿಸಿದ ಮಗನನ್ನೂ ಯಶೋದೆ ಹುಡುಕಿಕೊಂಡು ಓಡಾಡಿದವಳೇ. ಕಳವಳ ಇದ್ದ ಮಾತ್ರಕ್ಕೆ ನಂಬಿಕೆ ಇಲ್ಲ ಎಂದಾಗುವುದಿಲ್ಲ.

ಆದರೆ ಆ ಕಳವಳವನ್ನು ಮಗಳ ತಲೆಗೆ ಕಟ್ಟಬೇಡಿ. ಗಂಟೆಗೊಂದು ಕರೆ ಮಾಡಿದರೆ ಅವಳು ರಸ್ತೆ ದಾಟುವಾಗಲೂ ಫೋನ್ ತೆಗೆಯಬೇಕಾಗುತ್ತದೆ. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಕ್ಯಾಬ್ ಹತ್ತಿದಾಗ ಲೊಕೇಶನ್, ರೂಮು ಸೇರಿದಾಗ ಒಂದು ಮೆಸೇಜ್. ತುರ್ತಿಗೆ 112 ಅವಳ ಫೋನಿನಲ್ಲಿ ಇರಲಿ. ರೂಮಿನ ಗೆಳತಿಯ ನಂಬರ್ ನಿಮ್ಮ ಹತ್ತಿರ ಇರಲಿ. ಇಷ್ಟಾದ ಮೇಲೆ ದೀಪದ ಮುಂದೆ ಅವಳ ಹೆಸರು ಹೇಳಿ, "ಇನ್ನು ನೀನು ನೋಡಿಕೋ" ಎಂದು ಮಲಗಿ. ಮೊದಮೊದಲು ನಿದ್ದೆ ಬರುವುದಿಲ್ಲ. ಅಭ್ಯಾಸವಾಗುತ್ತದೆ.

ದಿನಾ ಪೂಜೆ, ಜಪ ಮಾಡ್ತೀನಿ. ಆದ್ರೂ ಏನೋ ಆಗುತ್ತೆ ಅನ್ನೋ ಭಯ ಬಿಡಲ್ಲ, ಎದೆ ಹೊಡ್ಕೊಳ್ಳುತ್ತೆ. ನನ್ನ ಭಕ್ತಿ ಕಮ್ಮಿನಾ?

ಭಕ್ತಿ ಕಮ್ಮಿ ಅಲ್ಲ. ಜ್ವರ ಬಂದಾಗ ಭಕ್ತಿ ಕಮ್ಮಿ ಎನ್ನುತ್ತೇವಾ? ಕಾರಣವಿಲ್ಲದೆ ಎದೆ ಬಡಿದುಕೊಳ್ಳುವುದು, ಬಾಗಿಲ ಚಿಲಕವನ್ನು ಹತ್ತಾರು ಸಲ ನೋಡುವುದು, ಹೊರಗೆ ಹೋಗಲು ಕೈಕಾಲು ಆಡದಿರುವುದು ವಾರಗಟ್ಟಲೆ ಮುಂದುವರಿದರೆ ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸೇವೆ ಅದು, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಪವನ್ನೂ ಮುಂದುವರಿಸಿ, ಮಾತ್ರೆ ಕೊಟ್ಟರೆ ಅದನ್ನೂ ತಗೊಳ್ಳಿ. ಜಪ ಮಾಡಿದರೆ ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡವರಿರಲಿ, ಆ ಒಂದು ಮಾತು ಕೇಳಬೇಡಿ.

ಹರಕೆ ಹೊತ್ತು ತೀರಿಸಿಲ್ಲ. ಆಮೇಲಿಂದ ಒಂದರ ಹಿಂದೆ ಒಂದು ತೊಂದರೆ. ದೇವರು ಶಿಕ್ಷೆ ಕೊಡ್ತಿದ್ದಾನಾ?

ಹರಕೆ ನಾವು ಕೊಟ್ಟ ಮಾತು. ಕೊಟ್ಟ ಮಾತನ್ನು ನಡೆಸುವುದು ಒಳ್ಳೆಯದು, ಅನುಕೂಲವಾದಾಗ ನಡೆಸಿ. ಆದರೆ ದೇವರು ಸಾಲ ವಸೂಲಿಗೆ ಆಳು ಕಳಿಸುವವನಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೆ ಬಡ್ಡಿಗೆ ತಂದು ಹರಕೆ ತೀರಿಸಬೇಡಿ. ಒಂದು ಕಾಯಿ ಒಡೆದು "ಈಗ ಇಷ್ಟೇ ಆಗುವುದು" ಎಂದು ಹೇಳಿ.

## ಕಷ್ಟದ ಪ್ರಶ್ನೆಗಳು

ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ದವರು ಹೋದರು, ನಾನು ಉಳಿದೆ. ದೇವರು ಕಾಪಾಡಿದ ಅನ್ನೋಕೆ ನಾಲಿಗೆ ಬರ್ತಿಲ್ಲ.

ಹೇಳಲು ಕಷ್ಟವಾಗುತ್ತಿದೆ ಎಂದರೆ ನಿಮ್ಮ ಮನಸ್ಸು ಒಳ್ಳೆಯದು. "ಕಾಪಾಡಿದೆಯಪ್ಪಾ" ಎಂದು ದೇವರ ಮುಂದೆ ನೀವೊಬ್ಬರೇ ಇದ್ದಾಗ ಹೇಳಿ. ಅದು ನಿಜ. ಹೋದವರನ್ನು ಅವನು ಕೈಬಿಟ್ಟ ಎಂದು ಮಾತ್ರ ಅದಕ್ಕೆ ಸೇರಿಸಬೇಡಿ, ಅದು ನಮಗೆ ಗೊತ್ತಿಲ್ಲದ ಮಾತು. ಹೋದವರ ಮನೆಗೆ ಹೋದಾಗ ನಿಮ್ಮ ಪವಾಡದ ಕಥೆ ಹೇಳಬೇಡಿ. ಅವರ ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ನೀವು. ಏನಾದರೂ ಮಾತಾಡಿದ್ದರೆ, ನಕ್ಕಿದ್ದರೆ, ಮಗುವಿನ ಫೋಟೋ ತೋರಿಸಿದ್ದರೆ ಅದನ್ನು ಅವರ ಮನೆಯವರಿಗೆ ತಿಳಿಸಿ. ಅವರಿಗೆ ಅದು ಬೇಕಾಗಿರುತ್ತದೆ.

ತಲಕಾವೇರಿಯಲ್ಲಿ ದೇವರ ಪೂಜೆ ಮಾಡೋರ ಮನೆ ಮೇಲೇ ಗುಡ್ಡ ಬಿತ್ತು. ಅವರನ್ನೇ ಕಾಪಾಡದ ದೇವರು ನಮ್ಮನ್ನ ಕಾಪಾಡ್ತಾನಾ?

2020ರ ಆಗಸ್ಟ್ ಮೊದಲ ವಾರದ ಮಳೆಯಲ್ಲಿ ನಡೆದದ್ದು. ಪ್ರಧಾನ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ನನಗೂ ಆ ಸುದ್ದಿ ಬಹಳ ದಿನ ನಿದ್ದೆ ಕೆಡಿಸಿತ್ತು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದಾಗ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಅಲ್ಲಿ ಗಾಡಿ ನಿಲ್ಲಿಸಿದ್ದವರೂ ಹೋದರು. ಪೂಜೆ ಮಾಡುವವರು, ಚಹಾ ಮಾರುವವರು, ಲಾರಿ ಓಡಿಸುವವರು ಎಂದು ಗುಡ್ಡ ಭೇದ ಮಾಡಲಿಲ್ಲ.

ಮಣ್ಣು ನೀರು ಕುಡಿದು ಭಾರವಾದಾಗ, ಕೆಳಗಿನ ಆಸರೆ ಕಡಿದುಹೋದಾಗ ಗುಡ್ಡ ಕುಸಿಯುತ್ತದೆ. ಎಷ್ಟೋ ಕಡೆ ಆ ಆಸರೆ ಕಡಿದವರು ನಾವೇ. ರಸ್ತೆಗೆಂದು ಬುಡವನ್ನು ನೆಟ್ಟಗೆ ಕೊಯ್ದು ಬಿಟ್ಟು, ಕುಸಿದ ಮೇಲೆ ದೇವರ ಇಚ್ಛೆ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಹೋದವರ ಭಕ್ತಿಯಲ್ಲಿ ಕೊರತೆ ಹುಡುಕುವುದಂತೂ ಪಾಪ.

ಹಾಗಾದರೆ ದೇವರು ಎಲ್ಲಿದ್ದ? ಶಿರೂರಿನಲ್ಲಿ ಗಂಗಾವಳಿ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಆ ನೀರಿಗೆ ಮುಳುಗುಗಾರರು ಇಳಿದರು. ಬದುಕಿರುವ ಆಸೆ ಹೋದ ಮೇಲೂ ಹುಡುಕಿದರು. ನದಿಯೊಳಗಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅದನ್ನು ಓಡಿಸುತ್ತಿದ್ದ ಮಗನ ದೇಹವನ್ನು ಕೇರಳದ ಅವನ ಮನೆಗೆ ಮುಟ್ಟಿಸಿದರು. ನನಗೆ ಸಿಕ್ಕಿರುವ ಉತ್ತರ ಇಷ್ಟೇ. ಇದು ಪೂರ್ತಿ ಉತ್ತರ ಅಲ್ಲ, ಪೂರ್ತಿ ಉತ್ತರ ಗೊತ್ತು ಎನ್ನುವವರನ್ನು ನಾನು ನಂಬುವುದಿಲ್ಲ.

ಎಲ್ಲಾ ಹಣೆಬರಹ ಅಂದ್ಮೇಲೆ ಪ್ರಾರ್ಥನೆ ಮಾಡಿ ಏನು ಪ್ರಯೋಜನ?

ಮಾರ್ಕಂಡೇಯನಿಗೆ ಹದಿನಾರೇ ವರ್ಷ ಎಂದು ಬರೆದಿತ್ತು, ಅವನು ಲಿಂಗವನ್ನು ಅಪ್ಪಿಕೊಂಡ. ಸತ್ಯವಾನನಿಗೆ ಒಂದೇ ವರ್ಷ ಎಂದು ನಾರದರೇ ಹೇಳಿದ್ದರು, ಸಾವಿತ್ರಿ ಯಮನ ಬೆನ್ನು ಬಿಡಲಿಲ್ಲ. ಹಣೆಬರಹ ಎಂದು ಕೈಕಟ್ಟಿ ಕೂತವರನ್ನು ನಮ್ಮ ಪುರಾಣಗಳು ಹೊಗಳಿದ್ದು ನನಗೆ ನೆನಪಿಲ್ಲ.

"ಆಯಸ್ಸು ಗಟ್ಟಿ ಇದ್ರೆ ಉಳೀತಾರೆ" ಎಂಬ ಮಾತು ಕೆಲವು ಸಲ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ. ಬಾವಿಗೆ ಕಟ್ಟೆ ಕಟ್ಟದವರು, ಕೃಷಿ ಹೊಂಡಕ್ಕೆ ಬೇಲಿ ಹಾಕದವರು, ಕುಡಿದು ಗಾಡಿ ಓಡಿಸುವವರು ಈ ಮಾತನ್ನು ಬಹಳ ಹೇಳುತ್ತಾರೆ. ಹೊಂಡಕ್ಕೆ ಬಿದ್ದ ಮಗುವಿನ ಹಣೆಯಲ್ಲಿ ಬರೆದದ್ದನ್ನು ಯಾರು ನೋಡಿದ್ದಾರೆ? ಬೇಲಿ ಇರಲಿಲ್ಲ ಎನ್ನುವುದು ಮಾತ್ರ ಎಲ್ಲರಿಗೂ ಕಂಡಿತ್ತು.

ಮಗನನ್ನ ಕಳ್ಕೊಂಡೆ. ಈಗ ದೇವರ ಕೋಣೆಗೆ ಕಾಲಿಡೋಕೆ ಮನಸ್ಸಿಲ್ಲ. ಇದು ತಪ್ಪಾ?

ತಪ್ಪಲ್ಲ ಅಮ್ಮಾ. ಹೋಗಬೇಡಿ. ದೀಪವನ್ನು ಮನೆಯ ಇನ್ಯಾರಾದರೂ ಹಚ್ಚಲಿ, ಹಚ್ಚದಿದ್ದರೂ ಪರವಾಗಿಲ್ಲ.

ಅಭಿಮನ್ಯು ಕೃಷ್ಣನ ತಂಗಿಯ ಮಗ. ಕೃಷ್ಣ ಅಷ್ಟು ಹತ್ತಿರ ಇದ್ದೂ ಆ ಹುಡುಗ ಉಳಿಯಲಿಲ್ಲ. ಸುಭದ್ರೆ ಬಿದ್ದು ಹೊರಳಾಡಿ ಅತ್ತಳು. ಕೃಷ್ಣನನ್ನು ಅವಳು ಕರೆಯಲಿಲ್ಲ, ಕೃಷ್ಣನೇ ಅವಳ ಬಳಿಗೆ ಹೋದ. ನೀವು ದೇವರ ಕೋಣೆಗೆ ಹೋಗದಿದ್ದರೆ ದೇವರೇ ನಿಮ್ಮ ಅಡುಗೆಮನೆಗೆ, ನಿಮ್ಮ ಹಾಸಿಗೆಯ ಬಳಿಗೆ ಬರುತ್ತಾನೆ ಎಂದು ನಾನು ನಂಬಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈಯಿರಿ.

ಅವನ ಆಯಸ್ಸು ಅಷ್ಟೇ ಇತ್ತು, ದೇವರಿಗೆ ಒಳ್ಳೆಯವರೇ ಬೇಕು ಎಂದೆಲ್ಲ ಬಂದವರು ಹೇಳುತ್ತಾರೆ. ಪಾಪ, ಅವರಿಗೂ ಏನು ಹೇಳಬೇಕೆಂದು ತೋಚುವುದಿಲ್ಲ. ಆ ಮಾತುಗಳನ್ನು ನೀವು ಒಪ್ಪಲೇಬೇಕೆಂದಿಲ್ಲ.

ರಸ್ತೇಲಿ ಯಾರೋ ಬಿದ್ದಿದ್ರು. ಪೊಲೀಸು, ಕೋರ್ಟು ಅಂತ ಹೆದರಿ, ದೇವರೇ ಕಾಪಾಡಪ್ಪಾ ಅಂತ ಕೈ ಮುಗಿದು ಮುಂದೆ ಬಂದೆ. ಈಗಲೂ ಕೊರೆಯುತ್ತೆ. ಏನು ಮಾಡಬೇಕಿತ್ತು?

ನಿಲ್ಲಬೇಕಿತ್ತು. ಆ ಹೊತ್ತಿನಲ್ಲಿ ದೇವರ ಕೈಗೆ ಸಿಕ್ಕಿದವರು ನೀವೇ ಆಗಿದ್ದಿರಿ. ಆದರೆ ನಿಮ್ಮ ಹೆದರಿಕೆ ಸುಳ್ಳಲ್ಲ, ಬಹಳ ಜನ ಅದೇ ಕಾರಣಕ್ಕೆ ಮುಂದೆ ಹೋಗುತ್ತಾರೆ. ಅದಕ್ಕೇ ಕಾನೂನು ಬದಲಾಗಿರುವುದನ್ನು ತಿಳಿದುಕೊಳ್ಳಿ.

ಗಾಯಾಳುಗಳಿಗೆ ನೆರವಾಗುವವರಿಗೆ ರಕ್ಷಣೆ ಕೊಡಲು ಕರ್ನಾಟಕ 2016ರಲ್ಲೇ ಪ್ರತ್ಯೇಕ ಮಸೂದೆ ತಂದಿತು, ಅದು ಆಮೇಲೆ ಕಾಯ್ದೆಯಾಯಿತು. 2016ರಲ್ಲೇ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಮಾರ್ಗಸೂಚಿ ಒಪ್ಪಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿತು. ಈಗ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ಉಳಿಯದಿದ್ದರೂ, ಕೇಸ್ ಹಾಕುವಂತಿಲ್ಲ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ನಿಮ್ಮನ್ನು ತಡೆದು ನಿಲ್ಲಿಸುವಂತಿಲ್ಲ, ದುಡ್ಡು ಕಟ್ಟಿ ಎನ್ನುವಂತಿಲ್ಲ. ಸಾಕ್ಷಿ ಹೇಳುವುದು ನಿಮಗೆ ಬಿಟ್ಟದ್ದು.

ಮಾಡಬೇಕಾದದ್ದು ಹೀಗೆ. ನಿಮ್ಮ ಗಾಡಿಯನ್ನು ಬದಿಗೆ ನಿಲ್ಲಿಸಿ ಇಂಡಿಕೇಟರ್ ಹಾಕಿ. ಹಿಂದಿನಿಂದ ಬರುವ ಗಾಡಿಗಳಿಗೆ ಕೈ ತೋರಿಸಲು ಒಬ್ಬರನ್ನು ನಿಲ್ಲಿಸಿ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲೋ ಊರಿನ ಹೆಸರೋ ಹೇಳಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನ್ನಿಸಿದರೆ ಎಳೆದಾಡಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪೆಟ್ಟಾದ ಮೊದಲ ಒಂದು ಗಂಟೆಯಲ್ಲಿ ಆಸ್ಪತ್ರೆ ಸೇರಿದರೆ ಉಳಿಯುವ ಸಾಧ್ಯತೆ ಬಹಳ. ಎಚ್ಚರ ಇದ್ದವರ ಕೈ ಹಿಡಿದು, ಹೆಸರು ಕೇಳಿ, ಮನೆಯವರ ನಂಬರ್ ಕೇಳಿ, ಆಂಬುಲೆನ್ಸ್ ಬರುವವರೆಗೂ ಮಾತಾಡಿಸುತ್ತಿರಿ.